ಅಂಬಪ್ಪ ಮಾಸ್ತರರ ಕತ್ತಾಳೆ ಶರಬತ್ತು

ಮಸ್ಕಿಯಲ್ಲಿ ಯಾರ ಮನೆಯ ಮಗನಾದರೂ ಕುಡಿದು ಬಂದನೆಂದರೆ ಮನೆಯವರು ಪೊಲೀಸರಿಗಿಂತ ಹೆಚ್ಚಾಗಿ ಅಂಬಪ್ಪ ಮಾಸ್ತರರಿಗೆ ಹೆದರುತ್ತಿದ್ದರು. ಪೊಲೀಸರು ಬಂದರೆ ಗದರಿಸಿ ಹೋಗಿಬಿಡುತ್ತಾರೆ. ಮಾಸ್ತರರು ಹಾಗಲ್ಲ. ಕುರ್ಚಿ ಎಳೆದುಕೊಂಡು ಕೂತು, ಚಹಾ ತರಿಸಿಕೊಂಡು, ಕುಡುಕನ ಲಿವರಿನಿಂದ ಶುರು ಮಾಡಿ ದೇಶದ ಭವಿಷ್ಯದವರೆಗೆ ಹೋಗಿ, ಅಲ್ಲಿಂದ ತಿರುಗಿ ಲಿವರಿಗೇ ಬರುತ್ತಿದ್ದರು. ಅಷ್ಟೊತ್ತಿಗೆ ಹುಡುಗನ ಅಮಲು ಇಳಿದಿರುತ್ತಿತ್ತು. ಇಳಿಯದಿದ್ದರೂ ಇಳಿದಿದೆ ಎಂದು ಕೈಮುಗಿದು ಒಪ್ಪಿಕೊಳ್ಳುತ್ತಿದ್ದ.

ಮಾಸ್ತರರು ಹೈಸ್ಕೂಲಿನ ಹೆಡ್‌ಮಾಸ್ತರರು, ಜೊತೆಗೆ ತಾಲೂಕಿನ ವ್ಯಸನಮುಕ್ತಿ ಸಮಿತಿಯ ಅಧ್ಯಕ್ಷರು. ಸಮಿತಿ ಹುಟ್ಟಿದಂದಿನಿಂದ ಅವರೇ ಅಧ್ಯಕ್ಷರು, ಏಕೆಂದರೆ ಬೇರೆ ಯಾರೂ ಆ ಕುರ್ಚಿಯನ್ನು ಕೇಳಿರಲಿಲ್ಲ. ಪ್ರತಿ ಗಾಂಧಿ ಜಯಂತಿಗೆ ಅವರದೊಂದು ಭಾಷಣ ಇರುತ್ತಿತ್ತು. ವರ್ಷ ಬದಲಾದರೂ ಭಾಷಣ ಬದಲಾಗುತ್ತಿರಲಿಲ್ಲ. ಯಾವ ಮಾತಿಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ ಎಂಬುದು ಎಂಟನೇ ತರಗತಿಯ ಮಕ್ಕಳಿಗೂ ಗೊತ್ತಿತ್ತು.

ಅವರ ಜೀವನದ ದೊಡ್ಡ ಸಾಧನೆ ಎಂದರೆ ಶಾಲೆಯ ದಾರಿಯಲ್ಲಿದ್ದ ಒಂದು ಬಾರ್ ಮುಚ್ಚಿಸಿದ್ದು. ಅದರ ಮಾಲೀಕ ಪಂಪಾಪತಿ ಅವರದೇ ಶಿಷ್ಯ. ಮಾಸ್ತರರು ಮಕ್ಕಳ ಮೆರವಣಿಗೆ ಮಾಡಿಸಿದರು, ಬಾರಿನ ಎದುರು ಜಮಖಾನ ಹಾಸಿ ಕೂತರು. ಕೊನೆಗೂ ಬೀಗ ಬಿತ್ತು. ಪಂಪಾಪತಿ ಸಾಮಾನು ಕಟ್ಟಿಕೊಂಡು ಊರು ಬಿಟ್ಟ. ಊರಿನವರು ಮಾಸ್ತರರಿಗೆ ಶಾಲು ಹೊದಿಸಿದರು. ಶಾಲು ಹೊದಿಸಿದವರಲ್ಲಿ ಅರ್ಧದಷ್ಟು ಜನ ಆಮೇಲೆ ಬೈಕ್ ಹತ್ತಿ ಲಿಂಗಸುಗೂರಿಗೆ ಹೋಗಿ ಕುಡಿದು ಬರತೊಡಗಿದ್ದು ಬೇರೆ ಮಾತು.

ಹೀಗಿರುವಾಗ ಒಂದು ದಿನ ಆ ಪಂಪಾಪತಿಯೇ ಶಾಲೆಗೆ ಬಂದು, ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಾಸ್ತರರ ಕಾಲಿಗೆ ಬಿದ್ದ.

"ಸರ್, ಸಿಂಧನೂರಾಗ ಹೊಸ ಹೋಟೆಲ್ ಹಾಕೀನ್ರಿ. ಮೆಕ್ಸಿಕನ್."

"ಹಂಗಂದ್ರ?"

"ಮೆಕ್ಸಿಕೋ ದೇಶದ ಊಟ ರೀ ಸರ್. ನೀವಾ ಕಲಿಸಿದ್ರಲ್ಲ, ಭೂಗೋಳದಾಗ."

ಮಾಸ್ತರರು ಕಲಿಸುತ್ತಿದ್ದದ್ದು ಗಣಿತ. ಆದರೂ ತಮ್ಮಿಂದ ಇಷ್ಟೆಲ್ಲ ಕಲಿತೆನೆನ್ನುವ ಶಿಷ್ಯನ ಮಾತನ್ನು ಅಲ್ಲಗಳೆಯಲು ಅವರಿಗೆ ಮನಸ್ಸಾಗಲಿಲ್ಲ.

"ಬಾರ್ ಅಲ್ಲ ಹೌದಲ್ಲೋ?"

"ಛೇ, ಫ್ಯಾಮಿಲಿ ರೆಸ್ಟೋರೆಂಟ್ ರೀ. ಶನಿವಾರ ಬರ್ರಿ ಸರ್. ಎರಡರಿಂದ ಐದರ ತನಕ ಹ್ಯಾಪಿ ಅವರ್ ಇಟ್ಟೀನಿ. ಒಂದು ತಗೊಂಡ್ರ ಒಂದು ಪುಕ್ಕಟೆ."

"ಮೂರು ತಾಸು ಇದ್ರ ಅದಕ್ಕ ಅವರ್ಸ್ ಅನಬೇಕೋ," ಎಂದು ಮಾಸ್ತರರು ತಿದ್ದಿದರು. ಏನು ತಗೊಂಡರೆ ಏನು ಪುಕ್ಕಟೆ ಎಂದು ಕೇಳಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಮಾಸ್ತರರು ಸಿಂಧನೂರಿನ ಬಸ್ ಹತ್ತಿದರು. ಒಬ್ಬರೇ ಹೋಗುವುದು ಚೆಂದವಲ್ಲವೆಂದು ಅಮೀನ್‌ಸಾಬರನ್ನು ಕರೆದುಕೊಂಡರು. ಅಮೀನ್‌ಸಾಬರದು ಬಟ್ಟೆ ಅಂಗಡಿ. ಅಂಗಡಿಯ ಮಹಡಿಯಲ್ಲೇ ಸಮಿತಿಯ ಸಭೆಗಳು ನಡೆಯುತ್ತಿದ್ದವು. ನಡೆಯುತ್ತಿದ್ದವು ಎಂದರೆ, ಮಾಸ್ತರರು ಮತ್ತು ಅಮೀನ್‌ಸಾಬರು ಎದುರುಬದುರು ಕೂತು ಉಳಿದವರಿಗಾಗಿ ಕಾಯುತ್ತಿದ್ದರು. ಕೋರಂ ಆಗದೆ ಸಭೆ ಮುಂದಕ್ಕೆ ಹೋಗುತ್ತಿತ್ತು.

ಗಂಗಾವತಿ ರಸ್ತೆಯ ಹೋಟೆಲು ದೂರದಿಂದಲೇ ಕಣ್ಣಿಗೆ ಹೊಡೆಯುವಂತಿತ್ತು. ಗೋಡೆಯ ತುಂಬ ಪಾಪಸುಕಳ್ಳಿಯ ಚಿತ್ರ, ಬಾಗಿಲ ಮೇಲೆ ಎತ್ತಿನ ಬಂಡಿಯ ಗಾಲಿಯಷ್ಟು ಅಗಲದ ಹುಲ್ಲಿನ ಟೊಪ್ಪಿಗೆ. ಆ ಬಿಸಿಲಲ್ಲಿ ಬಾಗಿಲು ಕಾಯುವವನಿಂದ ಹಿಡಿದು ನೀರು ಕೊಡುವವನವರೆಗೆ ಎಲ್ಲರೂ ಪಟ್ಟೆ ಪಟ್ಟೆಯ ಉಣ್ಣೆ ಕಂಬಳಿ ಹೊದ್ದು ಬೆವರುತ್ತಿದ್ದರು.

"ಯಾ ಅಲ್ಲಾ, ಇವರಿಗೆಲ್ಲ ಒಮ್ಮಿಗೇ ಚಳಿಜ್ವರ ಬಂದದೇನ್ರಿ ಮಾಸ್ತರ್?" ಎಂದರು ಅಮೀನ್‌ಸಾಬ್.

"ಅದು ಅವರ ದೇಶದ ಪೋಷಾಕು," ಎಂದರು ಮಾಸ್ತರರು, ಮೆಕ್ಸಿಕೋದಲ್ಲೇ ಎರಡು ವರ್ಷ ವರ್ಗಾವಣೆಯ ಮೇಲೆ ಇದ್ದು ಬಂದವರಂತೆ.

ಪಂಪಾಪತಿ ತಾನೇ ತಟ್ಟೆ ಹಿಡಿದು ಬಂದ. ಮೂರು ಮೂಲೆಯಾಗಿ ಕತ್ತರಿಸಿ ಕರಿದ ಮೆಕ್ಕೆಜೋಳದ ಚೂರುಗಳು, ಅದರ ಹೆಸರು ನಾಚೋಸ್. ಒಗ್ಗರಣೆ ಕಾಣದ ಹಸಿ ಟೊಮ್ಯಾಟೋ ಚಟ್ನಿ, ಅದು ಸಾಲ್ಸಾ. ಮಡಚಿದ ರೊಟ್ಟಿಯೊಳಗೆ ಕೋಸು ಮತ್ತು ರಾಜ್ಮಾ ಕಾಳು, ಅದು ಟಾಕೋ. ಪಕ್ಕದಲ್ಲಿ ಒಂದು ಹಸಿರು ಮುದ್ದೆ. ಅದನ್ನು ಮೆಕ್ಸಿಕೋದಲ್ಲಿ ಬೆಣ್ಣೆಹಣ್ಣಿನಿಂದ ಮಾಡುತ್ತಾರಂತೆ. ಬೆಣ್ಣೆಹಣ್ಣು ಸಿಂಧನೂರಿಗೆ ಸರಿಯಾಗಿ ಬರುತ್ತಿರಲಿಲ್ಲವಾದ್ದರಿಂದ, ಗೋವಾದಲ್ಲಿ ಕೆಲಸ ಮಾಡಿ ಬಂದಿದ್ದ ಅಡುಗೆಯ ಇಲಿಯಾಸ್ ಬಟಾಣಿ ಬೇಯಿಸಿ ಅರೆದು ಬೆಣ್ಣೆಹಣ್ಣಿನದೆಂದೇ ಕೊಡುತ್ತಿದ್ದ.

ಅಮೀನ್‌ಸಾಬ್ ಟಾಕೋ ಬಿಚ್ಚಿ ನೋಡಿದರು. "ರೊಟ್ಟಿ, ಪಲ್ಯ. ಮಡಚ್ಯಾರ, ಅಷ್ಟ."

"ಮಡಚೂದರಾಗ ಐತ್ರಿ ಕಲೆ," ಎಂದು ಮಾಸ್ತರರು ಬಟಾಣಿಯ ಮುದ್ದೆ ನೆಕ್ಕಿ ಕಣ್ಣು ಮುಚ್ಚಿದರು. "ಆಹಾ! ಬೆಣ್ಣಿಹಣ್ಣಿನ ಹದಾನ ಬ್ಯಾರೆ."

ಆಮೇಲೆ ಗ್ಲಾಸುಗಳು ಬಂದವು. ಅಗಲ ಬಾಯಿ, ಸಪೂರ ಕಾಲು, ಅಂಚಿಗೆ ಸುತ್ತಲೂ ಉಪ್ಪು, ಮೇಲೊಂದು ನಿಂಬೆಹೋಳು. ಅಮೀನ್‌ಸಾಬ್ ಮೂಗಿನ ಹತ್ತಿರ ಒಯ್ದು, ಹಾಗೇ ಕೆಳಗಿಟ್ಟು, ಮೆಲ್ಲಗೆ ಮುಂದಕ್ಕೆ ತಳ್ಳಿದರು. "ಪಂಪಾಪತಿ, ನನಗ ಬರೇ ಸೋಡಾ ಕೊಡಪ."

ಮಾಸ್ತರರ ಮೂಗಿಗೂ ವಾಸನೆ ಬಡಿದಿತ್ತು. ನೂರಾರು ಕುಡುಕರ ಎದುರು ಕುರ್ಚಿ ಹಾಕಿಕೊಂಡು ಕೂತ ಮೂಗು ಅದು. ಆದರೆ ಆ ವಾಸನೆ ಹರಕು ಅಂಗಿಯಿಂದ ಬರುತ್ತಿತ್ತು. ಇದು ಗಾಜಿನ ಗ್ಲಾಸಿನಿಂದ, ನಿಂಬೆಹೋಳಿನ ಸಮೇತ ಬರುತ್ತಿತ್ತು.

"ಇದು ಮಾರ್ಗರೀಟಾ ಅಂತ್ರಿ ಸರ್," ಎಂದ ಪಂಪಾಪತಿ. "ಹೊಲದ ಬದುವಿನಾಗ ಕತ್ತಾಳಿ ಇರತೈತಲ್ರಿ, ಅಂಥಾದ್ದ ಒಂದು ಗಿಡ. ಅದರ ರಸ ತಗದು, ಆಮ್ಯಾಲ ಅದನ್ನ..."

ಮಾಸ್ತರರು ಕೈ ಎತ್ತಿದರು. "ಸಾಕು. ಮುಂದಿಂದು ನಂಗ ಗೊತ್ತೈತಿ. ಕತ್ತಾಳಿ ಔಷಧಿ ಗಿಡ. ನಿಂಬಿಹಣ್ಣು ಪಿತ್ತಕ್ಕ ಒಳ್ಳೇದು. ಬಿಸಿಲಿಗೆ ಉಪ್ಪು ಬೇಕಾ ಬೇಕು."

ಹೀಗೆ ಮುನ್ನುಡಿ ಬರೆದುಕೊಂಡು ಅವರು ಗುಟುಕರಿಸಿದರು. ಮೊದಲು ಉಪ್ಪು, ಆಮೇಲೆ ಹುಳಿ, ಆಮೇಲೆ ಎದೆಯ ತುಂಬ ಬೆಚ್ಚಗೆ ಏನೋ ಹರಡಿತು. ಬಿಸಿಲಿನ ಝಳ ಇರಬೇಕು ಎಂದುಕೊಂಡರು. ನೆತ್ತಿಯ ಮೇಲೆ ಏಸಿ ಗುಂಯ್ ಎನ್ನುತ್ತಿತ್ತು. ಒಂದಕ್ಕೆ ಪುಕ್ಕಟೆ ಬರುವ ಇನ್ನೊಂದೂ ಬಂತು. ಅಮೀನ್‌ಸಾಬ್ ತಳ್ಳಿದ್ದೂ ಇತ್ತು, ಅದರ ಪುಕ್ಕಟೆಯೂ ಇತ್ತು. ಬಿಸಿಯೂಟದಲ್ಲಿ ಒಂದಗುಳು ಚೆಲ್ಲಿದರೂ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವ ಮನುಷ್ಯ ಅವರು. ಏನನ್ನೂ ಚೆಲ್ಲಗೊಡಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಮೀನ್‌ಸಾಬ್ ಕೇಳಿದರು, "ಮಾಸ್ತರ್, ಕುಡದದ್ದೇನು ಅಂತ ಗೊತ್ತದಲ್ರಿ?"

"ಕತ್ತಾಳಿ ಶರಬತ್ತು."

ಅಮೀನ್‌ಸಾಬ್ ಕಿಟಕಿಯಾಚೆಯ ಭತ್ತದ ಗದ್ದೆಗಳತ್ತ ತಿರುಗಿದರು. "ಸೈ ಬಿಡ್ರಿ," ಎಂದರು. ಅವರು ಮತ್ತೆಂದೂ ಆ ಹೋಟೆಲಿಗೆ ಬರಲಿಲ್ಲ.

ಮಾಸ್ತರರು ಬಿಡಲಿಲ್ಲ. ಮರುವಾರ ಹೋದರು, ಅದರ ಮರುವಾರವೂ ಹೋದರು. ಮನೆಯಲ್ಲಿ ಸಮಿತಿಯ ಕೆಲಸ ಎಂದು ಹೇಳುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೊಂದು ದಾರಿ ಕಂಡುಕೊಂಡರು. ಸಮಿತಿಯ ಸಭೆಯನ್ನೇ ಸಿಂಧನೂರಿಗೆ ಒಯ್ದರು. ತಂಪಾದ ಜಾಗ, ಬಾಡಿಗೆ ಇಲ್ಲ, ತಿಂಡಿ ಸಿಗುತ್ತದೆ, ಒಳ್ಳೆಯ ಶರಬತ್ತೂ ಸಿಗುತ್ತದೆ ಎಂದು ಸದಸ್ಯರಿಗೆ ಫೋನ್ ಮಾಡಿದರು.

ಮೊದಲ ಸಭೆಗೇ ಕೋರಂ ಆಯಿತು. ಎರಡನೆಯದಕ್ಕೆ ಕುರ್ಚಿ ಸಾಲಲಿಲ್ಲ. ವಕೀಲ ನಿಂಗರಾಜ, ರಿಟೈರಾದ ಶಿರಸ್ತೇದಾರರು, ಕಾಲೇಜಿನ ಲೆಕ್ಚರರು, ಇಷ್ಟು ವರ್ಷ ಮೊಮ್ಮಗನ ಜವಳ, ಸೊಂಟನೋವು ಎಂದು ತಪ್ಪಿಸಿಕೊಂಡಿದ್ದವರೆಲ್ಲ ಎರಡು ಹೊಡೆಯುವ ಮುಂಚೆಯೇ ಬಂದು ಗೋಡೆಯ ಟೊಪ್ಪಿಗೆಯ ಕೆಳಗೆ ಕೂತಿರುತ್ತಿದ್ದರು. ಮೊದಲ ಸಭೆಯ ಮೊದಲ ಗುಟುಕಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿರಸ್ತೇದಾರರು ಮೀಸೆ ಒರೆಸಿಕೊಂಡು, "ಶರಬತ್ತು ಭಾಳ ಚಲೋ ಐತ್ರಿ," ಎಂದರು. ಅಲ್ಲಿಗೆ ಅದು ಶರಬತ್ತೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅಂದಿನ ಸಭೆ, ತಾಲೂಕಿನ ಯುವಕರಲ್ಲಿ ಕುಡಿತದ ಚಟ ಹೆಚ್ಚುತ್ತಿರುವ ಬಗ್ಗೆ ತೀವ್ರ ಕಳವಳ ವ್ಯಕ್ತಪಡಿಸಿತು. ಎರಡನೇ ಸುತ್ತಿನ ಹೊತ್ತಿಗೆ ಕಳವಳ ಎಷ್ಟು ತೀವ್ರವಾಯಿತೆಂದರೆ ಲೆಕ್ಚರರು ಅತ್ತೇಬಿಟ್ಟರು.

ಮಾಸ್ತರರಿಗೆ ತುಂಬ ಸಂತೋಷವಾಗಿತ್ತು. ಜನ ಕೊನೆಗೂ ಎಚ್ಚೆತ್ತಿದ್ದಾರೆ ಎಂದು ನಿಜವಾಗಿಯೂ ಅನ್ನಿಸುತ್ತಿತ್ತು.

ಎಡವಟ್ಟಾದದ್ದು ಬಸ್ಸಿನಲ್ಲಿ. ಒಂದು ಶನಿವಾರ ಸಭೆ ಮುಗಿಸಿ ಬಸ್ ಹತ್ತಿದ ಮಾಸ್ತರರಿಗೆ ಕಿಟಕಿಯ ಗಾಳಿಗೆ ಹಾಯೆನಿಸಿ ನಿದ್ದೆ ಬಂತು. ಮಸ್ಕಿ ಬಂತು, ಮಸ್ಕಿ ಹೋಯಿತು. ಕಂಡಕ್ಟರ್ ಭುಜ ಅಲುಗಾಡಿಸಿದಾಗ ಕಣ್ಣು ಬಿಟ್ಟರೆ ಲಿಂಗಸುಗೂರಿನ ಬಸ್ ನಿಲ್ದಾಣ. ತೂಗಾಡುತ್ತ ಇಳಿದರು. ಎದುರಿಗೇ ಕೈಯಲ್ಲಿ ತರಕಾರಿ ಚೀಲ ಹಿಡಿದು ಹೆಂಡತಿ ಪಾರ್ವತೆಮ್ಮ ನಿಂತಿದ್ದರು. ಅವರಿಗೆ ಲಿಂಗಸುಗೂರಿನ ಅಂಚೆ ಕಚೇರಿಯಲ್ಲಿ ನೌಕರಿ. ಕೆಲಸ ಮುಗಿಸಿ ಮಸ್ಕಿಯ ಬಸ್ಸಿಗಾಗಿ ಕಾಯುತ್ತಿದ್ದರು.

"ಅಯ್ಯ! ನೀವ್ಯಾಕ ಇಲ್ಲಿಗೆ ಬಂದ್ರಿ?"

ಮಾಸ್ತರರಿಗೆ ಸುಳ್ಳು ಈಗ ಮೊದಲಿನಷ್ಟು ಸಿಕ್ಕಿಕೊಳ್ಳುತ್ತಿರಲಿಲ್ಲ. "ನಿನ್ನ ಕರ್ಕೊಂಡು ಹೋಗಾಕ ಬಂದೀನಿ."

ಮದುವೆಯಾದಂದಿನಿಂದ ಒಮ್ಮೆಯೂ ಹೀಗೆ ಬಂದವರಲ್ಲ. ಪಾರ್ವತೆಮ್ಮನ ಮುಖ ಅರಳಿತು. ಚೀಲ ಗಂಡನ ಕೈಗೆ ಕೊಟ್ಟು ಸೆರಗು ಸರಿಮಾಡಿಕೊಂಡರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮೇಲೆ ಆ ಅರಳಿದ ಮುಖ ಮೆಲ್ಲಗೆ ಬಾಡಿತು. ಮೂಗಿಗೆ ಸೆರಗು ಹಿಡಿದರು.

"ಏನ್ ವಾಸನಿ ಇದು?"

"ಶರಬತ್ತು. ಕತ್ತಾಳಿದ್ದು. ಮೆಕ್ಸಿಕೋದಾಗ ಎಲ್ಲಾರೂ ಕುಡೀತಾರ. ಹೆಣ್ಮಕ್ಕಳು ಸುದ್ದಾ."

ಪಾರ್ವತೆಮ್ಮ ಮನೆಯ ಬೀಗ ತೆಗೆಯುವಾಗ ಇಷ್ಟೇ ಅಂದರು, "ಮುಂದಿನ ಶನಿವಾರ ರಜಾ ಹಾಕ್ತೀನಿ. ನಾನೂ ಬರ್ತೀನಿ."

ಬೇಡವೆನ್ನಲು ಮಾಸ್ತರರು ವಾರವಿಡೀ ಕಾರಣ ಹುಡುಕಿದರು. ಒಂದೂ ಸಿಗಲಿಲ್ಲ. ಶರಬತ್ತು ಕುಡಿಯುವ ಫ್ಯಾಮಿಲಿ ರೆಸ್ಟೋರೆಂಟಿಗೆ ಫ್ಯಾಮಿಲಿ ಬರಬಾರದೆಂದು ಯಾವ ಬಾಯಿಂದ ಹೇಳುವುದು?

ಶನಿವಾರ ಪಾರ್ವತೆಮ್ಮ ಇಳಕಲ್ ಸೀರೆ ಉಟ್ಟು ಬಂದರು. ಸಮಿತಿ ಎದ್ದು ನಿಂತು, ಕುರ್ಚಿ ಸರಿಸಿ, ಅಕ್ಕಾರ್ರಿ, ಬರ್ರಿ ಎಂದು ಕೂರಿಸಿತು. ನಾಚೋಸ್ ತಿಂದರು. ಹಸಿರು ಮುದ್ದೆ ನಾಲಿಗೆಗೆ ಹಚ್ಚಿ, "ಬಟಾಣಿ," ಎಂದರು. ಪಂಪಾಪತಿ ಅವರಿಗೆಂದೇ ಕಲ್ಲಂಗಡಿ ಜ್ಯೂಸು ತಂದ.

"ಇದು ಬ್ಯಾಡಪ. ಇವರೆಲ್ಲ ಕುಡ್ಯಾಕತ್ತಾರಲ್ಲ, ಅದನ್ನ ಕೊಡು."

ಪಂಪಾಪತಿ ಗುರುಗಳ ಮುಖ ನೋಡಿದ. ಶಿರಸ್ತೇದಾರರು ಸೂರು ನೋಡಿದರು. ನಿಂಗರಾಜ ಫೋನು ಕಿವಿಗಿಟ್ಟುಕೊಂಡು ಹಲೋ ಹಲೋ ಎಂದ. ಫೋನು ಬಂದಿರಲಿಲ್ಲ.

"ಯಾಕ್ರೀ?" ಪಾರ್ವತೆಮ್ಮ ಗಂಡನನ್ನು ಕೇಳಿದರು. "ಶರಬತ್ತ ಹೌದಲ್ಲ?"

"ಹೌದು."

"ನಾ ಕುಡೀಬಹುದಲ್ಲ?"

ಮಾಸ್ತರರು ಇಲ್ಲ ಎಂದರೆ ಮುಗಿಯಿತು. ಆ ಒಂದು ಮಾತಿಗೆ ಶಾಲು, ಕುರ್ಚಿ, ಗಾಂಧಿ ಜಯಂತಿ ಎಲ್ಲ ಹೋಗುತ್ತಿತ್ತು. "ಕುಡಿ," ಎಂದರು. ತಾವೇ ಗ್ಲಾಸು ಎತ್ತಿ ಹೆಂಡತಿಯ ಕೈಗೆ ಕೊಟ್ಟರು.

ಪಾರ್ವತೆಮ್ಮ ಗ್ಲಾಸನ್ನು ತುಟಿಯ ಹತ್ತಿರ ಒಯ್ದು, ಅದರ ಅಂಚಿನ ಮೇಲಿಂದ ಗಂಡನನ್ನೇ ನೋಡಿದರು. ಮಾಸ್ತರರು ಗೋಡೆಯ ಟೊಪ್ಪಿಗೆ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಾದು ಪಾರ್ವತೆಮ್ಮ ಗ್ಲಾಸನ್ನು ಗುಟುಕರಿಸದೆಯೇ ಕೆಳಗಿಟ್ಟರು.

"ಇಷ್ಟು ಚಲೋ ಶರಬತ್ತನ್ನ ನಾವಾ ಕುಡದ್ರ ಹ್ಯಾಂಗ? ಪಂಪಾಪತಿ, ಗಾಂಧಿ ಜಯಂತಿಗೆ ದೊಡ್ಡ ಕ್ಯಾನಿನಾಗ ತುಂಬಿ ಮಸ್ಕಿಗೆ ಕಳಸಪ. ಭಾಷಣ ಆದಮ್ಯಾಲ ಸಾಲಿ ಮಕ್ಕಳಿಗೆಲ್ಲ ಒಂದೊಂದು ಗ್ಲಾಸು ಕೊಡೂಣು. ಏನಂತೀರಿ ವಕೀಲರ?"

"ಮಕ್ಕಳಿಗೆ... ನೆಗಡಿ ಆಗತೈತ್ರಿ ಅಕ್ಕಾರ," ಎಂದ ನಿಂಗರಾಜ.

"ಐಸ್ ಹಾಕೂದು ಬ್ಯಾಡ."

"ಹುಳಿ ಇರತೈತಿ. ಹಲ್ಲಿಗೆ ಚಲೋ ಅಲ್ರಿ," ಎಂದರು ಶಿರಸ್ತೇದಾರರು.

"ಸಕ್ರಿ ಹಾಕೂಣು. ಪಂಪಾಪತಿ, ಬರಕೊಳಪ. ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ, ಎಲ್ಲಾರಿಗೂ."

ಮಾಸ್ತರರ ಕಣ್ಣ ಮುಂದೆ ಶಾಲೆಯ ಅಂಗಳ ಬಂತು. ಬಿಳಿ ಅಂಗಿಯ ಮಕ್ಕಳು ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ಸಾಲಾಗಿ ನಿಂತಿದ್ದರು.

"ಬ್ಯಾಡ! ಮಕ್ಕಳಿಗೆ ಬ್ಯಾಡ," ಎಂದು ಮೇಜು ಬಡಿದರು.

"ಯಾಕ ಬ್ಯಾಡ?"

"ಅದರಾಗ ದಾರೂ ಐತಿ, ಪಾರ್ವತಿ. ಅದು ದಾರೂ."

ಆಮೇಲೆ ನಡೆದದ್ದನ್ನು ಮಾಸ್ತರರು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಿಂಗರಾಜ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. ಕೋರ್ಟಿನಲ್ಲಿ ಎಂದೂ ಏರದ ಅವನ ದನಿ ಏರಿತು. "ದಾರೂ? ಅಧ್ಯಕ್ಷರ, ಇಷ್ಟು ದಿನ ನಮಗ ನೀವು ದಾರೂ ಕುಡಿಸಿದ್ರಾ? ಶರಬತ್ತು ಅಂತ ಫೋನ್ ಮಾಡಿ ಕರದು?"

"ನಾ ಹುಟ್ಟಿದಾಗಿಂದ ಮುಟ್ಟಿದವನಲ್ಲ!" ಎಂದು ಶಿರಸ್ತೇದಾರರು ಕೂಗಿದರು. ಕೂಗುವ ಮೊದಲು ಗ್ಲಾಸಿನಲ್ಲಿ ಉಳಿದದ್ದನ್ನು ಮುಗಿಸಿಕೊಂಡರು. ಲೆಕ್ಚರರಂತೂ ಮೋಸ, ಮೋಸ ಎಂದು ಮತ್ತೆ ಕಣ್ಣೀರು ಹಾಕಿದರು.

ನಿಂತ ನಿಲುವಿನಲ್ಲೇ ಸಭೆ ನಡೆಯಿತು. ಕೋರಂ ಇತ್ತು. ಅಂಬಪ್ಪನವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಲಾಯಿತು, ನಿಂಗರಾಜನನ್ನು ಏರಿಸಲಾಯಿತು. ಚಪ್ಪಾಳೆ ಮುಗಿಯುತ್ತಿದ್ದಂತೆ ಕಂಬಳಿ ಹೊದ್ದ ವೇಟರ್ ಬಂದು, ಹ್ಯಾಪಿ ಅವರ್ ಮುಗಿಯಾಕ ಬಂತ್ರಿ, ಲಾಸ್ಟ್ ಆರ್ಡರ್ ಏನಾರ ಐತೇನ್ರಿ ಎಂದು ಕೇಳಿದ.

"ಎಲ್ಲಾರಿಗೂ ಒಂದೊಂದು ತಾ," ಎಂದ ಹೊಸ ಅಧ್ಯಕ್ಷ. "ಪುರಾವೆ ಬೇಕಾಗತೈತಿ."

ಮಾಸ್ತರರು ಹೆಂಡತಿಯ ಹಿಂದೆ ಹೊರಗೆ ಬಂದರು. ಬಾಗಿಲ ತನಕ ಬಂದ ಪಂಪಾಪತಿಯನ್ನು ತಡೆದು ಕೇಳಿದರು, "ಬಾರ್ ಮುಚ್ಚಿಸಿದ್ದಕ್ಕ ಸೇಡು ತೀರಿಸಿಕೊಂಡಿ ಏನೋ?"

"ಸೇಡ್ಯಾಕ್ರಿ ಸರ್? ನೀವು ಅದನ್ನ ಮುಚ್ಚಿಸಲಾರದಿದ್ರ ನಾ ಇಲ್ಲಿ ಬಂದು ಇಷ್ಟು ದೊಡ್ಡದು ಹಾಕ್ತಿದ್ದಿಲ್ಲ. ಕಾಲಿಗೆ ಬಿದ್ದದ್ದು ಅದಕ್ಕ." ಒಳಗೆ ತಿರುಗುತ್ತ ಸೇರಿಸಿದ, "ಅವತ್ತ ಪೂರಾ ಹೇಳಾಕ ಹೊಂಟಿದ್ದೆ ಸರ್. ನೀವಾ ಕೈ ಎತ್ತಿದ್ರಿ."

ಮಾಸ್ತರರು ಹೆಂಡತಿಯ ಹಿಂದೆ ಬಸ್ಸಿನ ಕಡೆ ನಡೆದರು.

ಬಸ್ಸು ಗೊರೇಬಾಳ ಊರು ದಾಟಿತು. ಕೊನೆಗೆ ಮಾಸ್ತರರೇ, "ಕುಡದದ್ದು ತಪ್ಪಾತು," ಎಂದರು.

"ಕುಡದದ್ದಕ್ಕ ನಂಗ ಸಿಟ್ಟಿಲ್ರಿ," ಎಂದರು ಪಾರ್ವತೆಮ್ಮ. "ಊರಾಗ ಯಾರು ಕುಡ್ಯಾಂಗಿಲ್ಲ? ನಿಮ್ಮ ಮಾತು ಉಳಸ್ಕೊಳ್ಳಾಕ ಗ್ಲಾಸು ತಗದು ನನ್ನ ಕೈಯಾಗ ಕೊಟ್ರಲ್ಲ, ಅದಕ್ಕೈತಿ ಸಿಟ್ಟು. ಸಾಲಿ ಹುಡುಗರು ಅಂದಕೂಡ್ಲೆ ಬ್ಯಾಡ ಅಂದ್ರಿ. ನನಗ ಅನ್ನಲಿಲ್ಲ."

ಲಿವರಿನಿಂದ ದೇಶದ ಭವಿಷ್ಯದವರೆಗೆ ಮಾತಾಡಬಲ್ಲ ಮನುಷ್ಯ ಮಸ್ಕಿ ಬರುವವರೆಗೂ ಬಾಯಿ ತೆರೆಯಲಿಲ್ಲ.

ಆ ವರ್ಷದ ಗಾಂಧಿ ಜಯಂತಿಗೆ ನಿಂಗರಾಜ ಭಾಷಣ ಮಾಡಿದ. ಭಾಷಣ ಮಾಸ್ತರರದೇ. ಸಮಿತಿಯ ಬಳಿ ಇದ್ದದ್ದು ಅದೊಂದೇ. ಮಕ್ಕಳು ತುಟಿಯಲ್ಲೇ ಜೊತೆಗೂಡಿದರು. ಕನ್ನಡಕ ಒರೆಸುವ ಮಾತು ಬಂದಾಗ ನಿಂಗರಾಜ ತಡೆದು ನಿಂತ. ಕನ್ನಡಕ ಇಲ್ಲದ್ದರಿಂದ ಬರಿಗಣ್ಣು ಉಜ್ಜಿಕೊಂಡ. ನಡುವೆ ಒಂದೇ ಒಂದು ಹೊಸ ಸಾಲು ಸೇರಿಸಿದ್ದ. ಗುರುವಿನ ಸ್ಥಾನದಲ್ಲಿದ್ದವರೇ ದಾರಿ ತಪ್ಪಿದರೆ ಎಂಬ ಮಾತಿಗೆ ಇಡೀ ಅಂಗಳ ಮೊದಲ ಸಾಲಿನ ಕುರ್ಚಿಯತ್ತ ತಿರುಗಿತು. ಹೆಡ್‌ಮಾಸ್ತರರಾದ್ದರಿಂದ ಅಂಬಪ್ಪನವರು ಅಲ್ಲೇ ಕೂರಬೇಕಿತ್ತು. ವಂದನಾರ್ಪಣೆಯನ್ನೂ ಅವರೇ ಮಾಡಬೇಕಿತ್ತು. ಮಾಡಿದರು. ನೂತನ ಅಧ್ಯಕ್ಷರ ಮೌಲಿಕ ವಿಚಾರಗಳಿಗೆ ಕೃತಜ್ಞತೆ ಹೇಳಿದರು.

ಸಮಿತಿಯ ಸಭೆ ಈಗಲೂ ಶನಿವಾರ ಸಿಂಧನೂರಿನಲ್ಲೇ ನಡೆಯುತ್ತದೆ. ಪುರಾವೆ ಸಂಗ್ರಹ ಇನ್ನೂ ಮುಗಿದಿಲ್ಲವಂತೆ.

ಪಾರ್ವತೆಮ್ಮ ಕೆಲವು ದಿನ ಗಂಡನೊಡನೆ ಬೇಕಾದಷ್ಟೇ ಮಾತಾಡಿದರು. ಹೀಗೇ ಒಂದು ಶನಿವಾರ, ರಜೆಯಿದ್ದ ದಿನ, ಅಡುಗೆಮನೆಯಲ್ಲಿ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಮಾಸ್ತರರು ಬಂದು ಬಾಗಿಲಿಗೆ ಒರಗಿ ನಿಂತರು.

"ಪಾರ್ವತಿ, ಮಧ್ಯಾಹ್ನ ಎರಡಾತು ಅಂದ್ರ ಬಾಯಿ ಒಣಗತೈತಿ. ಕೈ ನಡಗಂಗಿಲ್ಲ, ಏನಿಲ್ಲ. ಆದ್ರ ಬೇಕು ಅನಸತೈತಿ. ಭಾಳ ಅನಸತೈತಿ."

ಪಾರ್ವತೆಮ್ಮ ತಲೆ ಎತ್ತಿ ಗಂಡನನ್ನು ನೋಡಿದರು. "ಇಷ್ಟು ವರ್ಷದ ಭಾಷಣದಾಗ ಇದೊಂದು ಮಾತು ಹೇಳಲಿಲ್ಲ ನೋಡ್ರಿ ನೀವು."

"ಗೊತ್ತಿದ್ದಿಲ್ಲಲ್ಲ."

"ಹೂಂ," ಎಂದು ಪಾರ್ವತೆಮ್ಮ ಪಕ್ಕಕ್ಕೆ ಸರಿದು ಮಣೆ ತಳ್ಳಿದರು. "ಕುಂದರ್ರಿ. ಈ ಪಲ್ಯ ಬಿಡಸ್ರಿ. ಬೇಕು ಅನ್ಸಿದಾಗೆಲ್ಲ ನನಗ ಹೇಳ್ರಿ. ಶರಬತ್ತು ಅನಬ್ಯಾಡ್ರಿ ಮತ್ತ."

ಮಾಸ್ತರರು ಕೂತರು. ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ ಮಾಡತೊಡಗಿದರು. ಅವರು ಕಡ್ಡಿಗಳ ಜೊತೆ ಎಸೆದ ಎಲೆಗಳನ್ನು ಪಾರ್ವತೆಮ್ಮ ಆರಿಸಿ ತೆಗೆದುಕೊಂಡರು.